ಒಂದನೇ ನಂಬರಿನ ಬಯೋನೆಟ್ಟು

ಪಯಸ್ ಲೋಬೊನನ್ನು ಬಯೋನೆಟ್ಟಿನ ದೆಸೆಯಿಂದ ಹಿಡಿದರೆಂದು ಪೊಲೀಸ್ ಕಡತದಲ್ಲಿ ಬರೆದಿದೆ. ನಿಜಕ್ಕೂ ಅವನನ್ನು ಹಿಡಿಸಿಕೊಟ್ಟದ್ದು ಹಂದಿಮಾಂಸದ ಡಬ್ಬಿ.

ಶನಿವಾರ ಬೆಳಿಗ್ಗೆ ಒಂಬತ್ತೂವರೆಗೆ ಅವನು ಕ್ಲಾಂಗ್ ಬಿಟ್ಟು ಪೆನಾಂಗಿನ ದಾರಿ ಹಿಡಿದಿದ್ದ. ಹೆದ್ದಾರಿ ಸೇರುವ ತಿರುವಿನಲ್ಲಿ ಪೊಲೀಸರು ಅಡ್ಡಗಟ್ಟೆ ಹಾಕಿ ಕಾರುಗಳನ್ನು ಒಂದೊಂದಾಗಿ ನೋಡಿ ಬಿಡುತ್ತಿದ್ದರು. ಡಿಕ್ಕಿ ತೆರೆಯಲು ಹೇಳಿದರು, ತೆರೆದ. ಒಳಗಿದ್ದದ್ದು ಒಂದು ಬಟ್ಟೆಯ ಚೀಲ, ಹೆಂಡತಿ ಅಗ್ನೆಸ್ ಕಟ್ಟಿಕೊಟ್ಟ ಸ್ಟೀಲ್ ಡಬ್ಬಿ, ಬಾತ್ ಟವೆಲಿನಲ್ಲಿ ಸುತ್ತಿದ ಮೊಳದುದ್ದದ ಗಂಟು. ಪೊಲೀಸಿನವನು ಡಬ್ಬಿಗೆ ಕೈಹಾಕಿದ. ಅದರಲ್ಲಿ ಇಡ್ಲಿಯಂಥ ಸಾನ್ನಾ ಮತ್ತು ಹಂದಿಮಾಂಸದ ಖಾರದ ಸಾರು ಬಫಾತ್ ಇತ್ತು. ಪೊಲೀಸಿನವನು ಮುಸಲ್ಮಾನ. ಇಪ್ಪತ್ತಾರು ವರ್ಷ ಮಲೇಷ್ಯಾದಲ್ಲಿ ಬಾಳಿದವನಿಗೆ ಇಷ್ಟು ಮರ್ಯಾದೆಯನ್ನು ಯಾರೂ ಕಲಿಸಬೇಕಾಗಿಲ್ಲ. ಆ ಮನುಷ್ಯನ ಕೈ ಮೈಲಿಗೆಯಾಗದಿರಲಿ ಎಂದು ಪಯಸ್ "ಬೇಡ, ಬೇಡ, ಅದನ್ನು ಮುಟ್ಟಬೇಡಿ" ಎನ್ನುತ್ತ ಅಡ್ಡ ಕೈ ಚಾಚಿದ. ಕಾರಣ ಹೇಳಲು ನಾಚಿಕೆಯಾಯಿತು. ಅವನ ತಡವರಿಕೆ ಸಂಶಯ ಹುಟ್ಟಿಸಿತು. ಪೊಲೀಸಿನವನು ಡಬ್ಬಿಯನ್ನು ಅಲ್ಲೇ ಬಿಟ್ಟು ಪಕ್ಕದ ಗಂಟನ್ನು ಬಿಚ್ಚಿದ.

ಬಿಸಿಲಿಗೆ ಅಲಗು ಕನ್ನಡಿಯ ಹಾಗೆ ಹೊಳೆಯಿತು.

ಮಂಗಳವಾರ ಅವನು ಜಾಮೀನಿನ ಮೇಲೆ ಹೊರಗೆ ಬಂದ. ಪಾಸ್‌ಪೋರ್ಟು ಒಳಗೇ ಉಳಿಯಿತು. ವಕೀಲೆ ವಾಸಂತಿ ಕ್ಲಾಂಗ್‌ನಲ್ಲೇ ಹುಟ್ಟಿ ಬೆಳೆದ ತಮಿಳು ಹೆಂಗಸು, ಮಾತನ್ನು ಸಕ್ಕರೆಯಲ್ಲಿ ಅದ್ದಿ ಕೊಡುವವಳಲ್ಲ.

"ಸಾರ್ವಜನಿಕ ಜಾಗದಲ್ಲಿ ಆಯುಧ ಒಯ್ದದ್ದು ಅಂತ ಕೇಸು. ಇಲ್ಲಿ ಅದು ಸಣ್ಣ ಅಪರಾಧ ಅಲ್ಲ, ಅಂಕಲ್. ವರ್ಷಗಟ್ಟಲೆ ಜೈಲು. ಛಡಿಯೇಟೂ ಇದೆ."

ಅಗ್ನೆಸ್ ಕುರ್ಚಿಯ ಕೈಯನ್ನು ಗಟ್ಟಿಯಾಗಿ ಹಿಡಿದಳು.

"ಐವತ್ತು ದಾಟಿದ ಗಂಡಸರಿಗೆ ಛಡಿ ಇಲ್ಲ, ಆಂಟಿ. ಅಂಕಲ್‌ಗೆ ಐವತ್ತೆಂಟು. ಅಷ್ಟರ ಮಟ್ಟಿಗೆ ವಯಸ್ಸು ಉಪಕಾರ ಮಾಡಿದೆ."

ಸರ್ಕಾರಿ ವಕೀಲರು ಇನ್ನೂ ಆರೋಪಪಟ್ಟಿ ಹಾಕಿರಲಿಲ್ಲ. ಹಾಕುವುದೋ ಬಿಡುವುದೋ ಎಂದು ನಿರ್ಧರಿಸಲು ಹತ್ತು ದಿನವಿತ್ತು. ಅದು ನೂರು ವರ್ಷ ದಾಟಿದ ಪುರಾತನ ವಸ್ತು, ಪರೀಕ್ಷೆಗೆಂದು ಒಯ್ಯುತ್ತಿದ್ದ ಎಂದು ತೋರಿಸಿದರೆ ಕೈಬಿಡಿ ಎಂದು ಕೇಳಲು ತನಗೆ ಬಾಯಿರುತ್ತದೆ ಎಂದಳು ವಾಸಂತಿ. ಇಲ್ಲದಿದ್ದರೆ ಅದು ಕಾರಿನಲ್ಲಿ ಸಿಕ್ಕ ಹೊಳೆಯುವ ಚೂರಿ, ಅಷ್ಟೇ.

"ಇಂಥದ್ದರ ಮೇಲೆ ವರ್ಷದ ಮುದ್ರೆ ಇರುತ್ತದಂತಲ್ಲ?"

"ಇತ್ತು," ಎಂದ ಪಯಸ್.

"ಈಗ?"

"ಅಳಿಸಿಹೋಗಿದೆ."

"ಯಾರು ಅಳಿಸಿದ್ದು?"

ಅಗ್ನೆಸ್ ಹೇಳಿದಳು: "ಇವರೇ. ನಾಲ್ಕು ದಿನ ಕೂತು ಅಳಿಸಿದರು."

ಪಯಸ್ ಮಂಗಳೂರಿನ ಜೆಪ್ಪುವಿನವನು. ತಂದೆ ಹೆಂಚಿನ ಕಾರ್ಖಾನೆಯಲ್ಲಿ ಸುಟ್ಟ ಹೆಂಚನ್ನು ತಟ್ಟಿ ನೋಡಿ ಒಳ್ಳೆಯದು ಕೆಟ್ಟದ್ದು ಬೇರೆ ಮಾಡುತ್ತಿದ್ದ. ಹೆಂಚಿನ ಬೆನ್ನಿಗೆ ಕಾರ್ಖಾನೆಯ ಹೆಸರು, ಕೆಲವಕ್ಕೆ ವರ್ಷ ಕೂಡ ಅಚ್ಚೊತ್ತಿರುತ್ತದೆ. ಎರಡನೇ ತರಗತಿಗೆ ಹೋಗುವ ಮೊದಲೇ ಪಯಸ್ ಮಾಡು ಬಿಚ್ಚಿದ ಮನೆಗಳ ಹೆಂಚು ತಿರುವಿ ಹಾಕಿ ಯಾವುದು ಎಲ್ಲಿಯದು, ಯಾವ ಕಾಲದ್ದು ಎಂದು ಹೇಳುತ್ತಿದ್ದ. ಮುದ್ರೆ ಓದುವ ಚಟ ಹೀಗೆ ಹತ್ತಿತು. ಕ್ಲಾಂಗ್ ಬಂದರಿನ ಒಂದು ಸರಕು ಸಾಗಣೆ ಕಂಪನಿಯಲ್ಲಿ ಕಾಗದಪತ್ರದ ಕೆಲಸಕ್ಕೆ ಸೇರಿದ ಮೇಲೆ ಕಂಟೇನರಿನ ಸೀಲು, ನಂಬರು, ಪೆಟ್ಟಿಗೆಯ ಗುರುತು ಓದುವುದೇ ಅವನ ಹೊಟ್ಟೆಪಾಡಾಯಿತು.

ಹತ್ತೊಂಬತ್ತು ವರ್ಷದ ಹಿಂದೆ ಪೆನಾಂಗಿನ ಹಳೆಸಾಮಾನಿನ ಬಜಾರಿನಲ್ಲಿ ಒಬ್ಬ ಚೀನೀ ಮುದುಕನ ಚಾಪೆಯ ಮೇಲೆ, ಒಡೆದ ಗಡಿಯಾರಗಳ ನಡುವೆ, ಮಣ್ಣು ಮೆತ್ತಿದ ಒಂದು ಕಬ್ಬಿಣ ಸಿಕ್ಕಿತು. ಬಂದೂಕಿನ ಮೂತಿಗೆ ಸಿಕ್ಕಿಸುವ ಚೂರಿ. ಇಪ್ಪತ್ತೈದು ಸೆಂಟಿಮೀಟರಿನ ಅಲಗು, ಮರದ ಹಿಡಿ. ಜರ್ಮನ್ ಎಂದ ಮುದುಕ. ಅಲಗಿನ ಬೆನ್ನಮೇಲೆ ತುಕ್ಕಿನಡಿ ಏನೋ ಕೊರೆದದ್ದು ಕಂಡಿತು. ಓದಲೇಬೇಕೆನಿಸಿತು. ಓದಲು ಅದನ್ನು ತೊಳೆದ.

ಅವನು ಹುಟ್ಟಿದ ಮನೆಯಲ್ಲಿ ಕೊಳಕು ಲೋಹವೆಂದರೆ ಪಾಪಕ್ಕೆ ಸಮಾನ. ಹಬ್ಬದ ಮುನ್ನಾ ದಿನ ಅವನ ತಾಯಿ ಆಲ್ತಾರಿನ, ಎಂದರೆ ದೇವರ ಪೀಠದ, ದೀಪದ ಕಂಬಗಳನ್ನು ಹುಣಸೆಹುಳಿ, ಬೂದಿ ಹಾಕಿ ಮುಖ ಕಾಣುವ ತನಕ ತಿಕ್ಕುತ್ತಿದ್ದಳು. ಅದೇ ಪಾಠ ಪಯಸ್ ಇಲ್ಲಿ ಒಪ್ಪಿಸಿದ. ಮೊದಲು ಹುಣಸೆಹುಳಿ, ಆಮೇಲೆ ಎಮರಿ ಕಾಗದ. ಸಾಲದೆ ಬಂದರಿನ ಕಂಟೇನರ್ ರಿಪೇರಿ ಅಂಗಳಕ್ಕೆ ಒಯ್ದು ಉಜ್ಜುವ ಚಕ್ರಕ್ಕೆ ಹಿಡಿದ. ನಾಲ್ಕನೇ ದಿನ ಅಲಗು ಹೊಸ ಮದುಮಗಳ ಹಾಗೆ ಹೊಳೆಯಿತು. ತುಕ್ಕೂ ಹೋಯಿತು, ತುಕ್ಕಿನಡಿ ಇದ್ದದ್ದೂ ಹೋಯಿತು. "ಹಲ್ಲಿನ ಕಲೆ ತೆಗೆಯುವಾಗಲೂ ನಮ್ಮ ಡಾಕ್ಟರು ಎನಾಮಲ್ ಮುಟ್ಟುವುದಿಲ್ಲ," ಎಂದಿದ್ದಳು ಹಲ್ಲಿನ ಕ್ಲಿನಿಕ್ಕಿನಲ್ಲಿ ಸಹಾಯಕಿಯಾಗಿದ್ದ ಅಗ್ನೆಸ್. ಆಗ ಅವನು ನಕ್ಕಿದ್ದ.

ಮೂರು ತಿಂಗಳ ಮೇಲೆ ನಗು ನಿಂತಿತು. ಪುಸ್ತಕ ತರಿಸಿ ಓದಿದಾಗ ಮೊದಲ ಪುಟದಲ್ಲೇ ಬರೆದಿತ್ತು: ಎಣ್ಣೆಯ ಬಟ್ಟೆಯಲ್ಲಿ ಒರೆಸಿ, ಬೇರೇನೂ ಮಾಡಬೇಡಿ. ಮೊದಲ ಮಹಾಯುದ್ಧದ ಕಾಲದ ಅಲಗಾದರೆ ಬೆನ್ನಮೇಲೆ ಒಂದು ಕಿರೀಟ, ಅದರಡಿ ರಾಜನ ಹೆಸರಿನ ಮೊದಲಕ್ಷರ, ವರ್ಷದ ಎರಡು ಅಂಕಿ. ಎರಡನೆಯ ಯುದ್ಧದ್ದೋ ಅದರ ತಯಾರಿಯ ವರ್ಷಗಳದ್ದೋ ಆದರೆ ಕಿರೀಟ ಇಲ್ಲ, ಕಿರುಬೆರಳ ಉಗುರಿನ ಕಾಲುಭಾಗದಷ್ಟು ಚಿಕ್ಕ ಹದ್ದು, ಅದರ ಕೆಳಗೆ ತಪಾಸಕನ ಸಂಖ್ಯೆ. ಪಯಸನ ಕೈಗೆ ಬಂದ ಮಾದರಿಯನ್ನು ಎರಡೂ ಕಾಲದಲ್ಲಿ ಮಾಡಿದ್ದರು. ನಡುವಿನ ವರ್ಷಗಳಲ್ಲಿ ಹಳೆಯದನ್ನೇ ರಿಪೇರಿ ಮಾಡಿ ಮತ್ತೆ ಹಂಚಿಯೂ ಇದ್ದರು. ಆಕಾರ ನೋಡಿ ಕಾಲ ಹೇಳುವಂತಿರಲಿಲ್ಲ. ಮುದ್ರೆಯೇ ಹೇಳಬೇಕು. ಮುದ್ರೆ ಉಜ್ಜುವ ಚಕ್ರದ ಧೂಳಾಗಿ ಬಂದರಿನ ನೆಲದಲ್ಲಿ ಬಿದ್ದಿತ್ತು.

ಆಮೇಲೆ ಅವನು ಇನ್ನೂ ಹದಿನೆಂಟು ಕೂಡಿಸಿದ. ಒಂದನ್ನೂ ಉಜ್ಜಲಿಲ್ಲ. ಮಲೇಷ್ಯಾದ ತೇವಕ್ಕೆ ಚರ್ಮದ ಒರೆ ಬೆವರಿ ಅಲಗನ್ನು ತಿನ್ನುತ್ತದೆಂದು ಅಲಗು ಬೇರೆ, ಒರೆ ಬೇರೆ ಇಟ್ಟ. ರಿಜಿಸ್ಟರಿನಲ್ಲಿ ಪ್ರತಿಯೊಂದಕ್ಕೂ ಒಂದು ಪುಟ: ಮುದ್ರೆ, ವರ್ಷ, ಕಾರ್ಖಾನೆ. ಅದರಲ್ಲಿ ಹದಿನೆಂಟು ಪುಟ ತುಂಬಿದವು. ಒಂದನೇ ನಂಬರಿನ ಪುಟದಲ್ಲಿ ಮಾತ್ರ, ಬರಿಯ ಊಹೆಯಿಂದ, "೧೯೧೬?" ಎಂದಿತ್ತು. ಬೇರೆ ಸಂಗ್ರಹಕಾರರು, ಒಮ್ಮೆ ಒಂದು ಮ್ಯೂಸಿಯಮ್ಮಿನವರು ಕೂಡ, ತಮ್ಮದು ಯಾವ ಕಾಲದ್ದೆಂದು ಅವನನ್ನು ಕೇಳಿ ತಿಳಿಯುತ್ತಿದ್ದರು. ಅವನು ಹೇಳಿದ್ದು ತಪ್ಪಿದ್ದಿಲ್ಲ. ಎಷ್ಟೋ ಜನ ತಮ್ಮದು ಹಳೆಯದೆಂದು ಆಸೆಯಿಂದ ಬಂದು, ಅಲ್ಲವೆಂದು ಕೇಳಿಸಿಕೊಂಡು ಮುಖ ಸಣ್ಣದು ಮಾಡಿ ಹೋಗಿದ್ದರು. ತನ್ನದೊಂದನ್ನೇ ಅವನು ಹೇಳಲಾರದೆ ಹೋದ.

ಈ ಪ್ರಶ್ನಾರ್ಥಕ ಚಿಹ್ನೆಯೇ ಅವನನ್ನು ಆ ಶನಿವಾರ ಹೊರಡಿಸಿದ್ದು. ಕುಂದಾಪುರದ ದೇವದಾಸ ಪೆನಾಂಗಿನ ಬಯಾನ್ ಲೆಪಾಸ್‌ನ ಚಿಪ್ ಕಾರ್ಖಾನೆಯೊಂದರಲ್ಲಿ ಕೆಟ್ಟ ಚಿಪ್‌ಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟು ಕಾರಣ ಹುಡುಕುವ ಎಂಜಿನಿಯರು. ಅವನಿಗೂ ಇದೇ ಹುಚ್ಚು, ಐದಾರು ಬಯೋನೆಟ್ಟು ಅವನಲ್ಲೂ ಇದ್ದವು. "ಮುದ್ರೆ ಒತ್ತಿದಾಗ ಅಡಿಯ ಲೋಹವೂ ನಲುಗಿರುತ್ತದೆ ಮಾರಾಯ, ಮೇಲಿನದು ಉಜ್ಜಿದರೂ ಕೆಳಗೆ ನೆರಳು ಉಂಟು. ತೆಗೆದುಕೊಂಡು ಬಾ, ನೋಡುವ," ಎಂದಿದ್ದ ಫೋನಿನಲ್ಲಿ. ಪಯಸ್ ಬಯೋನೆಟ್ಟನ್ನು ಟವೆಲಿನಲ್ಲಿ ಸುತ್ತಿ ಹೊರಟಿದ್ದ. ಒರೆಯನ್ನು ಅಭ್ಯಾಸಬಲದಿಂದ ಮನೆಯಲ್ಲೇ ಬಿಟ್ಟ.

ಹತ್ತು ದಿನದಲ್ಲಿ ಆರು ದಿನ ಕಳೆಯಿತು. ಕಂಪನಿಯವರು ಕೆಲಸಕ್ಕೆ ಬರಬೇಡ ಎಂದರು. ಅವನು ಈ ದೇಶದಲ್ಲಿ ಇರುವುದು ಕಂಪನಿ ಕೊಡಿಸಿದ ಕೆಲಸದ ಪಾಸಿನ ಮೇಲೆ. ಅಗ್ನೆಸ್, ಮಗಳು ಏಂಜೆಲಿನ್ ಇರುವುದು ಅವನ ಮೇಲೆ. ಏಂಜೆಲಿನ್‌ಗೆ ಕಾಲೇಜಿನ ಕೊನೆಯ ವರ್ಷ. ಅಪ್ಪನೊಂದಿಗೆ ಅವಳು ಆಡಿದ್ದು ಒಂದೇ ಮಾತು, ಇಲ್ಲಿಯವರ ಹಾಗೆ ಕೊನೆಗೊಂದು 'ಲಾ' ಸೇರಿಸಿ: "ಪಾ, ಯೂ ಆರ್ ದಿ ಎಕ್ಸ್‌ಪರ್ಟ್ ಲಾ. ಜಸ್ಟ್ ಪ್ರೂವ್ ಇಟ್." ಪೊಲೀಸರು ಮನೆಗೆ ಬಂದು ಹದಿನೆಂಟನ್ನೂ ಎಣಿಸಿ ಒಯ್ದರು. ಅವುಗಳ ಬಗ್ಗೆ ಅವರಿಗೆ ದೊಡ್ಡ ತಕರಾರಿರಲಿಲ್ಲ; ಪಟ್ಟಿಯಲ್ಲಿ "ಹಳೆ ಕಬ್ಬಿಣ, ತುಕ್ಕು ಹಿಡಿದದ್ದು" ಎಂದು ಬರೆದುಕೊಂಡರು. ಆ ಪಟ್ಟಿಯ ಪ್ರತಿಯನ್ನು ಪಯಸ್ ಬಹಳ ಹೊತ್ತು ಕೈಯಲ್ಲಿ ಹಿಡಿದು ಕೂತಿದ್ದ. ಉಜ್ಜದಿದ್ದರೆ ಒಂದನೇ ನಂಬರೂ ಅದೇ ಸಾಲಿನಲ್ಲಿ ಇರುತ್ತಿತ್ತು.

ಅಗ್ನೆಸ್ ಬೈಯಲಿಲ್ಲ. ಮೂವತ್ತು ವರ್ಷ ಜೊತೆಗಿದ್ದವನಿಗೆ ಅದು ಬೈಗಳಿಗಿಂತ ಹೆಚ್ಚು ತಾಗಿತು. ಅವಳು ಸೂಟ್‌ಕೇಸುಗಳನ್ನು ಅಟ್ಟದಿಂದ ಇಳಿಸಿ ಬಿಸಿಲಿಗೆ ಒಣಗಿಸಿದಳು. ಜೈಲಿನಲ್ಲಿ ಕನ್ನಡಕ ಬಿಡುತ್ತಾರೋ ಇಲ್ಲವೋ ಎಂದು ಒಂದು ದಿನ ಮಧ್ಯಾಹ್ನ ವಾಸಂತಿಗೆ ಫೋನ್ ಮಾಡಿ ಕೇಳಿದ. ವಾಸಂತಿ ತಿರುಗಿ ಕೇಳಿದಳು: "ವರದಿ ಬರೆಯಲು ಯಾರಾದರೂ ಸಿಕ್ಕಿದರಾ?"

ಸಿಕ್ಕಿರಲಿಲ್ಲ. ತನಿಖೆ ನಡೆಸುತ್ತಿದ್ದ ಇನ್ಸ್‌ಪೆಕ್ಟರ್ ನೊರ್ಹಯಾತಿ ಮ್ಯೂಸಿಯಮ್ಮಿಗೆ ಪತ್ರ ಬರೆದಿದ್ದಳು. ಉತ್ತರ ಬಂತು: ಜರ್ಮನ್ ಬಯೋನೆಟ್ಟು ಗುರುತಿಸುವವರು ನಮ್ಮಲ್ಲಿಲ್ಲ, ನಾವು ಹಿಂದೊಮ್ಮೆ ಕ್ಲಾಂಗ್‌ನ ಪಯಸ್ ಲೋಬೊ ಎಂಬವರನ್ನು ಕೇಳಿದ್ದೆವು, ತಾವೂ ಅವರನ್ನೇ ಸಂಪರ್ಕಿಸಬಹುದು. ಇನ್ಸ್‌ಪೆಕ್ಟರು ಆ ಪತ್ರವನ್ನು ವಾಸಂತಿಗೆ ತೋರಿಸಿ ನಕ್ಕಳಂತೆ. ಕೆಟ್ಟ ಹೆಂಗಸಲ್ಲ. ಪಯಸ್ ಗುರುವಾರ ಠಾಣೆಗೆ ಬಂದು ತನ್ನ ಎದುರಿಗೆ ನೋಡಿ ಹೇಳಲಿ, ಆರೋಪಿಯ ಮಾತು ಒಂದೇ ಸಾಲದು, ಇದನ್ನು ಬಲ್ಲ ಇನ್ನೊಬ್ಬನೂ ಬರಲಿ ಎಂದಳು.

ದೇವದಾಸ ಪೆನಾಂಗಿನಿಂದ ಬಂದ. ಠಾಣೆಯ ಎದುರಿಗೆ ತಮಿಳು ಮುಸಲ್ಮಾನರು ನಡೆಸುವ ಮಮಾಕ್ ಅಂಗಡಿಯಲ್ಲಿ ಇಬ್ಬರೂ ಚಹಾ ಹಿಡಿದು ಕೂತರು.

"ಹಿಡಿಯ ಮರ ಬಿಚ್ಚಿದ್ದೆಯಾ ನೀನು, ಆಗ?"

"ಇಲ್ಲ. ಸ್ಕ್ರೂ ಮುಟ್ಟಲಿಲ್ಲ."

"ಹಾಗಾದರೆ ಮರದಡಿಯ ಕಬ್ಬಿಣಕ್ಕೆ ನಿನ್ನ ಎಮರಿ ತಾಗಲಿಲ್ಲ. ಅಲ್ಲಿ ಏನಾದರೂ ಉಂಟು."

"ಬಿಚ್ಚಿದರೆ ಮರ ಸೀಳುತ್ತದೆ, ದೇವಾ."

"ನಿನ್ನನ್ನು ಒಳಗೆ ಹಾಕುತ್ತಾರೆ ಮಾರಾಯ, ನಿನಗೆ ಮರದ ಚಿಂತೆಯಾ?"

ಬಯೋನೆಟ್ಟಿನ ಸ್ಕ್ರೂ ಬಿಚ್ಚಬಾರದು ಎಂಬುದು ಸಂಗ್ರಹಕಾರರಲ್ಲಿ ದಶಾಜ್ಞೆಯ ಹಾಗೆ. ಬೇರೆಯವರು ಬಿಚ್ಚಿದ್ದಕ್ಕೆ ಪಯಸ್ ಮುಖ ತಿರುಗಿಸಿದ್ದುಂಟು. ಅವನು ಲೋಟವನ್ನು ಮೇಜಿನ ಮೇಲೆ ತಿರುಗಿಸುತ್ತ ಕೂತ.

"ಅಲ್ಲಿ ಎಂತ ಬೇಕಾದರೂ ಇರಲಿ," ಎಂದ ದೇವದಾಸ, ದನಿ ತಗ್ಗಿಸಿ. "ನಾನು ಹದಿನಾರು ಅಂತ ಬರೆದು ತಂದಿದ್ದೇನೆ. ಸಹಿ ಹಾಕಿ ಕೊಡುತ್ತೇನೆ. ನೀನು ಬಾಯಿ ಮುಚ್ಚಿ ಕೂರು. ಆ ಹೆಂಗಸಿಗೆ ಕಿರೀಟ ಯಾವುದು ಕಾಗೆ ಯಾವುದು ಗೊತ್ತಾ?"

"ಕಾಗೆ ಅಲ್ಲ, ಹದ್ದು."

"ನೋಡು, ಇದಕ್ಕೇ ಹೇಳಿದ್ದು, ಬಾಯಿ ಮುಚ್ಚು ಅಂತ!"

ಪಯಸ್ ತಲೆಯಾಡಿಸಿದ. ಮನಸ್ಸಿನಲ್ಲಿ ಯಾವ ತಕರಾರೂ ಇರಲಿಲ್ಲ. ಹೆಂಡತಿ, ಮಗಳು, ಒಣಗಿಸಿದ ಸೂಟ್‌ಕೇಸು ನೆನಪಿದ್ದವು. ಸುಳ್ಳು ಹೇಳಲು ಅವನು ಸಿದ್ಧನಾಗಿಯೇ ರಸ್ತೆ ದಾಟಿದ.

ಇನ್ಸ್‌ಪೆಕ್ಟರ್ ನೊರ್ಹಯಾತಿ ಮೇಜಿನ ಮೇಲೆ ಬಿಳಿಯ ಕಾಗದ ಹಾಸಿ ಬಯೋನೆಟ್ಟನ್ನು ಇಟ್ಟಳು. ವಾಸಂತಿ ಒಂದು ಬದಿಗೆ, ಅಗ್ನೆಸ್ ಗೋಡೆಯ ಬೆಂಚಿನ ಮೇಲೆ. ದೇವದಾಸ ತುದಿ ಸಾಣೆ ಹಿಡಿದು ತಂದ ಸ್ಕ್ರೂ ಡ್ರೈವರನ್ನು ಹಿಡಿಯ ಸ್ಕ್ರೂವಿನ ಸೀಳಿನಲ್ಲಿ ಮೆತ್ತಗೆ ಕೂರಿಸಿ ತಿರುಗಿಸಿದ. ಮೊದಲನೆಯದು ಕಿರಿಚಿಕೊಂಡು ಬಿಟ್ಟಿತು. ಎರಡನೆಯದು ಬಿಡಲಿಲ್ಲ. ಎಣ್ಣೆ ಬಿಟ್ಟು ಕಾದರು. ಮತ್ತೆ ತಿರುಗಿಸಿದಾಗ ಟಕ್ಕೆಂದು ಮರ ಉದ್ದಕ್ಕೆ ಸೀಳಿತು. ಪಯಸ್ ಕಣ್ಣು ಮುಚ್ಚಿಕೊಂಡ.

ಮರದ ಹೋಳು ಕೆಳಗೆ ಬಂತು. ಅಡಿಯಲ್ಲಿ ಕಪ್ಪು ಕಬ್ಬಿಣ, ಒಣಗಿ ಗಟ್ಟಿಯಾದ ಹಳೆಯ ಗ್ರೀಸು. ದೇವದಾಸ ಬಟ್ಟೆಯ ಚುಂಗಿನಿಂದ ಒರೆಸಿ, ಭೂತಗನ್ನಡಿ ಹಿಡಿದು ನೋಡಿದ. ಅವನ ಮುಖ ಏನೂ ಹೇಳಲಿಲ್ಲ.

"ಮುದ್ರೆ ಇದೆ," ಎಂದ ಇಂಗ್ಲಿಷಿನಲ್ಲಿ. "ಅರ್ಧ ಅಳಿಸಿದೆ. ಆದರೆ ಕಿರೀಟವೇ. ಸಾವಿರದ ಒಂಬೈನೂರ ಹದಿನಾರು." ಜೇಬಿನಿಂದ ಕಾಗದ ತೆಗೆದು ಮೇಜಿನ ಮೇಲಿಟ್ಟ.

ಇನ್ಸ್‌ಪೆಕ್ಟರು ಕಾಗದ ಓದಿದಳು. ಓದಿ, ಬರಿಯ ಶಿಷ್ಟಾಚಾರಕ್ಕೆಂಬಂತೆ, ಭೂತಗನ್ನಡಿಯನ್ನು ಪಯಸನ ಕಡೆಗೆ ಸರಿಸಿದಳು. "ನೀವೂ ಒಮ್ಮೆ ನೋಡಿ, ಮಿಸ್ಟರ್ ಲೋಬೊ."

ಪಯಸ್ ಬಗ್ಗಿದ. ಬೆಳಕು ಓರೆಯಾಗಿ ಬೀಳುವಂತೆ ಕಬ್ಬಿಣವನ್ನು ಕೊಂಚ ತಿರುಗಿಸಿದ, ಹತ್ತೊಂಬತ್ತು ವರ್ಷದಿಂದ ಬೇರೆಯವರ ಅಲಗುಗಳನ್ನು ತಿರುಗಿಸಿದ ಹಾಗೆಯೇ. ಮೊದಲು ಕಂಡದ್ದು ಬರಿಯ ಗೀರು. ಆಮೇಲೆ ಗೀರಿನೊಳಗಿನಿಂದ ಒಂದು ರೆಕ್ಕೆ ಬಂತು. ಇನ್ನೊಂದು ರೆಕ್ಕೆ. ಕೆಳಗೆ ಮೂರು ಅಂಕಿ, ಸ್ಪಷ್ಟ, ನಿನ್ನೆ ಒತ್ತಿದ ಹಾಗೆ.

"ಹದ್ದು!" ಎಂದು ಪಯಸ್ ಕೂಗಿದ. "ಹದ್ದು ದೇವಾ, ನೋಡು ಮಾರಾಯ, ನಂಬರು ಓದಲಿಕ್ಕೆ ಆಗ್ತದೆ! ಈ ತಪಾಸಕ ಯಾವಾಗ ಕೂತದ್ದು ನನಗೆ ಗೊತ್ತುಂಟು, ಮೂವತ್ತಾರು, ಬೇರೆ ವರ್ಷ ಅಲ್ಲ!" ಅಷ್ಟಕ್ಕೂ ನಿಲ್ಲದೆ ಇನ್ಸ್‌ಪೆಕ್ಟರಿನತ್ತ ತಿರುಗಿ ಇಂಗ್ಲಿಷಿನಲ್ಲಿ, ಪಾಠ ಹೇಳುವವನ ಉತ್ಸಾಹದಿಂದ ಹೇಳಿದ: "ಕಿರೀಟ ಅಲ್ಲ, ಮೇಡಂ. ಹದ್ದು. ನೈನ್ಟೀನ್ ಥರ್ಟಿಸಿಕ್ಸ್. ಆ ಯುದ್ಧದಲ್ಲಿ ಜರ್ಮನ್ ಸಬ್‌ಮೆರೀನಿನವರು ಪೆನಾಂಗಿನಲ್ಲೇ ಇದ್ದರಲ್ಲ, ಅವರ ಜೊತೆ ಬಂದಿರಬೇಕು!"

ಬೆಂಚಿನಿಂದ ಅಗ್ನೆಸ್ ಎದ್ದು ನಿಂತಿದ್ದಳು. ಅವಳನ್ನು ನೋಡಿದ ಮೇಲೆ ತಾನು ಎಲ್ಲಿದ್ದೇನೆಂದು ಪಯಸನಿಗೆ ನೆನಪಾಯಿತು.

ಇನ್ಸ್‌ಪೆಕ್ಟರು ಬೆರಳು ಮಡಿಸಿ ಲೆಕ್ಕ ಹಾಕಲಿಲ್ಲ, ಅದರ ಅಗತ್ಯವೂ ಇರಲಿಲ್ಲ. "ಹಾಗಾದರೆ ಇನ್ನೂ ನೂರಾಗಿಲ್ಲ," ಎಂದಳು. ಅವಳ ದನಿಯಲ್ಲಿ ಗೆಲುವು ಇರಲಿಲ್ಲ. ದೇವದಾಸನ ಕಾಗದವನ್ನು ಅವನಿಗೇ ಹಿಂದಕ್ಕೆ ಕೊಟ್ಟಳು. "ಇದನ್ನು ನಾನು ನೋಡಿಲ್ಲ. ಸುಳ್ಳು ವರದಿ ಕೊಟ್ಟರೆ ಅದು ಬೇರೆ ಕೇಸು." ದೇವದಾಸ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟ.

ಇದನ್ನು ಸತ್ಯನಿಷ್ಠೆಯೆಂದು ಮುಂದಿನ ಭಾನುವಾರ ಚರ್ಚಿನ ಅಂಗಳದಲ್ಲಿ ಹೊಗಳಿದವರಿದ್ದರು. ಅವರಿಗೆ ಪಯಸ್ ಗೊತ್ತಿಲ್ಲ. ಸತ್ಯನಿಷ್ಠೆಗೆ ಯೋಚನೆ ಬೇಕು, ಅವನು ಯೋಚಿಸಲೇ ಇಲ್ಲ. ಆ ಅರ್ಧ ನಿಮಿಷ ಅವನ ತಲೆಯಲ್ಲಿ ಜೈಲಾಗಲಿ ಹೆಂಡತಿಯಾಗಲಿ ಮಗಳಾಗಲಿ ಇರಲಿಲ್ಲ. ಓದಲಾಗದ್ದನ್ನು ಓದಿದ ಸಂತೋಷ ಒಂದೇ ಇತ್ತು. ಕುಡುಕ ಲೋಟ ಕಂಡಂತೆ. ಅದಕ್ಕೆ ಚಟವೆಂದೇ ಹೆಸರು. ಅಳಿಸಿದ್ದೂ ಅದೇ ಚಟ, ಓದಿ ಹೇಳಿದ್ದೂ ಅದೇ.

ಮೆಟ್ಟಿಲ ಮೇಲೆ ವಾಸಂತಿ ಹೇಳಿದಳು: "ಅಂಕಲ್, ಇಪ್ಪತ್ತು ವರ್ಷದ ಪ್ರಾಕ್ಟೀಸಿನಲ್ಲಿ ಪೊಲೀಸರ ಪರವಾಗಿ ಇಷ್ಟು ಚೆನ್ನಾಗಿ ಸಾಕ್ಷಿ ಹೇಳಿದ ಕಕ್ಷಿದಾರನನ್ನು ನಾನು ನೋಡಿಲ್ಲ." ಸಂಗ್ರಹಕಾರ ಎಂಬ ವಾದ ಇನ್ನೂ ಉಳಿದಿದೆ, ಅದು ತೆಳು, ಆದರೂ ಹಿಡಿದು ನೋಡುತ್ತೇನೆ ಎಂದಳು. ಮರುದಿನ ಸಂಜೆ ಅವಳ ಫೋನು ಬಂತು. ಸರ್ಕಾರಿ ವಕೀಲರು ಆರೋಪ ಹಾಕಲು ನಿರ್ಧರಿಸಿದ್ದರು. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಕೋರ್ಟು.

ಅದನ್ನು ಕೇಳಿದ ಮೇಲೆ ಪಯಸ್ ಊಟದ ಮೇಜಿನ ಮುಂದೆ ಬಹಳ ಹೊತ್ತು ಕೂತ. ಗೋಡೆಯ ಗಾಜಿನ ಕಪಾಟು ಖಾಲಿ. ಅಲಗುಗಳಿದ್ದ ಜಾಗದಲ್ಲಿ ಹಸಿರು ಬಟ್ಟೆ ಮಾಸದೆ ಉಳಿದು ಹತ್ತೊಂಬತ್ತು ಉದ್ದುದ್ದ ಗುರುತು. ಪೊಲೀಸರು ಬಿಟ್ಟುಹೋದದ್ದು ರಿಜಿಸ್ಟರು ಮಾತ್ರ. ಅವನು ಎದ್ದು ಅದನ್ನು ತಂದ. ಮೊದಲ ಪುಟ ತೆರೆದು "೧೯೧೬?" ಎಂಬುದಕ್ಕೆ ಅಡ್ಡಗೀರು ಎಳೆದ. ಪಕ್ಕದಲ್ಲಿ, ಮಣಿಕಟ್ಟನ್ನು ಮೇಜಿಗೆ ಒತ್ತಿ, "೧೯೩೬" ಎಂದು ಬರೆದ. ಮುದ್ರೆಯ ಜಾಗದಲ್ಲಿ ಹದ್ದಿನ ಕೆಳಗಿದ್ದ ಮೂರು ಅಂಕಿ ಬರೆದ. ಸ್ಥಿತಿ ಎಂಬಲ್ಲಿ, "ಹಿಡಿಯ ಮರ ಸೀಳಿದೆ" ಎಂದು ಬರೆದ.

ಅಗ್ನೆಸ್ ಇಸ್ತ್ರಿಪೆಟ್ಟಿಗೆಯ ತಂತಿ ಬಿಡಿಸುತ್ತ ಅವನ ಹೆಗಲ ಮೇಲಿಂದ ಬಗ್ಗಿ ನೋಡಿದಳು.

"ಗೊತ್ತಾಯಿತಲ್ಲ, ಕೊನೆಗೂ?"

"ಹೂಂ."

"ಖಂಡಿತ?"

"ಖಂಡಿತ."

ಹೊಡೆಯುತ್ತಾಳೋ ಏನೋ ಎಂದು ಅವನಿಗೆ ಅನಿಸಿತು; ಹೊಡೆದಿದ್ದರೆ ಒಳ್ಳೆಯದಿತ್ತು.

"ಸೋಮವಾರಕ್ಕೆ ಬಿಳಿ ಅಂಗಿಯಾ, ನೀಲಿಯಾ?" ಎಂದು ಕೇಳಿದಳು. ಅವನು ಹೇಳುವುದನ್ನು ಕಾಯದೆ ಬಿಳಿಯದಕ್ಕೆ ನೀರು ಚಿಮುಕಿಸಿದಳು.